ಗಬ್ಬದ ಲೆಕ್ಕ ಈದ ದಿನದಿಂದ

(ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಮಾತಾಡುತ್ತಿರುವವರಲ್ಲಿ ಒಬ್ಬರು ಎಚ್‌ಎಫ್ ಮಿಶ್ರತಳಿ ಹಸು ಸಾಕಿ ಸೊಸೈಟಿಗೆ ಹಾಲು ಹಾಕುವ ಮಹಿಳೆ. ಇನ್ನೊಬ್ಬರು ಆ ಭಾಗದ ಪಶುವೈದ್ಯೆ.)

ಸಾಕುವಾಕೆ: ಡಾಕ್ಟ್ರಮ್ಮ, ನಮ್ಮ ಕಪ್ಪು ಹಸುವಿಗೆ ಸೆಮೆನ್ ಹಾಕಿಸಿದ್ದು ಮೂರು ಸಲ ಮೀರಿತು. 21 ದಿನಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬರುತ್ತೆ, ಗಬ್ಬ ಮಾತ್ರ ನಿಲ್ಲುತ್ತಿಲ್ಲ. ಗರ್ಭ ತೊಳೆಯೋ ಔಷಧಿ ಇದೆಯಂತಲ್ಲ, ಅದನ್ನು ಹಾಕಿಬಿಡಿ.

ವೈದ್ಯೆ: ಹಾಕೋದು ಬಿಡೋದು ಆಮೇಲೆ ನೋಡೋಣ ಅಕ್ಕ. ಅದು ಈದಾಗ ಕಸ (ಮಾಸು) ಎಷ್ಟು ಹೊತ್ತಿಗೆ ಬಿತ್ತು, ಹೇಳಿ.

ಸಾಕುವಾಕೆ: ಈದು ಆರು ತಿಂಗಳಾಯ್ತಲ್ಲ. ಈಗ ಆ ಮಾತು ಯಾಕೆ?

ವೈದ್ಯೆ: ಈಗ ನಿಲ್ಲದ ಗಬ್ಬಕ್ಕೆ ಕಾರಣ ಬಹಳ ಸಲ ಈದ ಮೊದಲ ತಿಂಗಳಲ್ಲೇ ಇರುತ್ತೆ. ಕೆಲವು ಹಸುಗಳಲ್ಲಿ ಈಯೋದಕ್ಕೆ ಎರಡು ತಿಂಗಳು ಮುಂಚೆಯೇ ಶುರುವಾಗಿರುತ್ತೆ. ನಾವೆಲ್ಲ ಬೆದೆ ಬಂದ ದಿನ ಹಸುವಿನ ಹಿಂದೆ ಓಡ್ತೀವಿ. ಈದ ದಿನದಿಂದ ಒಂದು ತಿಂಗಳು ಅದರ ಹಿಂಭಾಗ ನೋಡಿದ್ದರೆ ಈ ಓಟದಲ್ಲಿ ಅರ್ಧ ತಪ್ಪುತ್ತಿತ್ತು.

ಸಾಕುವಾಕೆ: ಕಸ ಅವತ್ತು ಬೀಳಲಿಲ್ಲ, ಮಾರನೇ ದಿನವೂ ನೇತಾಡ್ತಾನೇ ಇತ್ತು. ಆಮೇಲೆ ಗೊತ್ತಿರೋ ಒಬ್ಬರು ಬಂದು ಕೈ ಹಾಕಿ ತೆಗೆದರು. ಪೂರ್ತಿ ಬಂತು ಅಂದರು.

ವೈದ್ಯೆ: ಪೂರ್ತಿ ಬಂತು ಅನ್ನೋದು ಕೈ ಹಾಕಿದವರಿಗೂ ಗೊತ್ತಾಗಲ್ಲ ಅಕ್ಕ. ಹಸುವಿನ ಗರ್ಭಕೋಶದ ಒಳಗೆ ಗುಬುಟುಗಳಿರುತ್ತವೆ, ಎಪ್ಪತ್ತೋ ನೂರೋ, ಕೆಲವು ಹಸುಗಳಲ್ಲಿ ಇನ್ನೂ ಹೆಚ್ಚು. ಅಂಗಿಯ ಗುಂಡಿ ಕಾಜಾದೊಳಗೆ ಸಿಕ್ಕಿಕೊಂಡ ಹಾಗೆ ಕಸ ಅಷ್ಟು ಕಡೆ ಹಿಡಿದುಕೊಂಡಿರುತ್ತೆ. ಆ ಹಿಡಿತ ತಾನಾಗಿ ಸಡಿಲಾಗಬೇಕು. ಸಡಿಲಾಗೋ ಮೊದಲೇ ಎಳೆದರೆ ಚೂರುಗಳು ಒಳಗೇ ಉಳಿಯುತ್ತವೆ, ಗುಬುಟು ಕಿತ್ತು ರಕ್ತ ಬರುತ್ತೆ. ಆ ಗಾಯದ ದಾರಿಯಲ್ಲಿ ರೋಗಾಣು ಒಳಗೆ ಇಳಿಯುತ್ತೆ.

ಸಾಕುವಾಕೆ: ನೇತಾಡೋದನ್ನು ನೋಡ್ಕೊಂಡು ಸುಮ್ಮನೆ ಇರೋದು ಹೇಗೆ? ವಾಸನೆ, ನೊಣ. ಪಕ್ಕದ ಮನೆಯವರು ಕಲ್ಲು ಕಟ್ಟಿ, ಭಾರಕ್ಕೆ ಬೀಳುತ್ತೆ ಅಂತಾರೆ. ನಿಮ್ಮನ್ನು ಕರೆಸಿದರೆ ನೀವೂ ತೆಗೆಯಲ್ಲ ಅಂತೀರಿ. ಡಾಕ್ಟರು ಬಂದು ಏನೂ ಮಾಡಲಿಲ್ಲ ಅಂತ ಊರಲ್ಲಿ ಮಾತಾಡ್ತಾರೆ.

ವೈದ್ಯೆ: ಆ ಮಾತಿಗೆ ಹೆದರಿಯೇ ಎಷ್ಟೋ ಕಡೆ ಕೈ ಹಾಕಿದ್ದಾರೆ. ಸುಮ್ಮನೆ ಇರಿ ಅಂತ ನಾನು ಹೇಳ್ತಿಲ್ಲ. ಮಾಡಬೇಕಾದ ಕೆಲಸ ಬೇರೆ ಇದೆ. ಚೆನ್ನಾಗಿರೋ ಹಸು ಈದ ಎಂಟು ಗಂಟೆಯೊಳಗೆ ಕಸ ಹಾಕುತ್ತೆ. 12 ಗಂಟೆ ದಾಟಿದರೆ ಕಾಯಿಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ಆಗ ಒಂದು ಥರ್ಮಾಮೀಟರ್ ತಗೊಂಡು ಬೆಳಗ್ಗೆ, ಸಂಜೆ ಗುದದಲ್ಲಿ ಇಟ್ಟು ಜ್ವರ ನೋಡಿ. ಹಸುವಿನ ಸಹಜ ಶಾಖ ಹೆಚ್ಚು ಕಡಿಮೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಅಷ್ಟೇ ಇದ್ದು, ಹಸು ಮೇವು ತಿನ್ನುತ್ತಾ ಹಾಲು ಕೊಡುತ್ತಾ ಇದ್ದರೆ ಕಸವನ್ನು ಮುಟ್ಟಬೇಡಿ. ತುಂಬ ಉದ್ದ ಇದ್ದರೆ ಹಿಮ್ಮಡಿ ಮಟ್ಟದಲ್ಲಿ ಕತ್ತರಿಸಿ. ಕಲ್ಲು ಕಟ್ಟಲೇಬೇಡಿ, ಭಾರಕ್ಕೆ ಗರ್ಭಕೋಶವೇ ಹೊರಗೆ ಬಂದೀತು. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಕೊಳೆತು ತಾನಾಗಿ ಬೀಳುತ್ತೆ.

ಸಾಕುವಾಕೆ: ಮುಂಚೆ ಗರ್ಭದೊಳಗೆ ಮಾತ್ರೆ ಇಡೋರು. ಅದನ್ನಾದರೂ ಇಡಬಾರದೇ?

ವೈದ್ಯೆ: ಇಡೋದು ರೂಢಿಯಾಗಿತ್ತು. ಆದರೆ ಕಸ ಬಿಡಿಸಿಕೊಳ್ಳೋದಕ್ಕೆ ಹಸುವಿನ ಮೈಯಲ್ಲೇ ಕೆಲವು ಕಿಣ್ವಗಳಿವೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಒಳಗೆ ಬಿದ್ದರೆ ಅವುಗಳ ಕೆಲಸಕ್ಕೇ ತಡೆಯಾಗುತ್ತೆ. ಹಾಗಾಗಿ ಮಾತ್ರೆ ಇಟ್ಟ ಹಸು ಬೇಗ ಕಸ ಹಾಕುತ್ತೆ ಅನ್ನೋ ಭರವಸೆ ಇಲ್ಲ. ಶಾಖ 103 ದಾಟಿತು, ಹಸು ಮೇವು ಬಿಟ್ಟಿತು, ಹಾಲು ಇಳಿಯಿತು, ಕೊಳೆತ ಮಾಂಸದ ವಾಸನೆಯ ನೀರು ಸೋರುತ್ತಿದೆ ಅಂದರೆ ಆ ಹೊತ್ತಿಗೇ ಕರೆಯಿರಿ. ಆಗ ಔಷಧಿ ಬೇಕು. ಅದೂ ಗರ್ಭದೊಳಗಲ್ಲ, ಮೈಗೆ ಸೂಜಿಯಲ್ಲಿ ಹೋಗಬೇಕು. ಯಾಕಂದರೆ ಆ ಹೊತ್ತಿಗೆ ಕಾಯಿಲೆ ಗರ್ಭಕೋಶದ ಪೂರ್ತಿ ಗೋಡೆಯನ್ನು ಹಿಡಿದು ರಕ್ತದ ಕಡೆ ಹೊರಟಿರುತ್ತೆ. ಅಲ್ಲಿ ಒಂದು ದಿನ ತಡವಾದರೂ ಹಸುವಿನ ಜೀವಕ್ಕೆ ಕುತ್ತು.

ಸಾಕುವಾಕೆ: ನಮ್ಮತ್ತೆ ಕಾಲದಲ್ಲಿ ಈದ ಕೂಡಲೇ ಮೂಲಂಗಿ ತಿನ್ನಿಸೋರು, ಬೆಲ್ಲ ಉಪ್ಪು ಹಚ್ಚಿ ಬೆಂಡೆಕಾಯಿ ಕೊಡೋರು. ಅದು ಸುಳ್ಳೇ?

ವೈದ್ಯೆ: ಸುಳ್ಳು ಅನ್ನಲ್ಲ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ)ಯವರೂ ಅದನ್ನು ನಾಟಿ ಪಶುವೈದ್ಯದ ಪಟ್ಟಿಯಲ್ಲಿ ಸೇರಿಸಿ ಹಾಲಿನ ಸಂಘಗಳ ಮೂಲಕ ಹೇಳಿಕೊಡ್ತಿದ್ದಾರೆ. ಆರೋಗ್ಯವಾಗಿ ಮೇಯುತ್ತಿರೋ ಹಸುವಿಗೆ ಕೊಡಿ. ಜ್ವರ ಬಂದ ಹಸುವಿಗೆ ಮಾತ್ರ ಅದೊಂದನ್ನೇ ನಂಬಿ ಕೂರಬೇಡಿ.

ಸಾಕುವಾಕೆ: ಈದ ಮೇಲೆ ಎಲ್ಲ ಹಸುವೂ ಸೋರುತ್ತೆ. ಯಾವುದು ಸಹಜ, ಯಾವುದು ಕಾಯಿಲೆ ಅಂತ ನಾನು ಹೇಗೆ ತಿಳಿಯಲಿ?

ವೈದ್ಯೆ: ಇದು ತಿಳಿದರೆ ಅರ್ಧ ವೈದ್ಯ ಕಲಿತ ಹಾಗೆ. ಈದ ದಿನ ಗರ್ಭಕೋಶ ಒಂಬತ್ತು ಕೆಜಿ ಆಸುಪಾಸು ತೂಗುತ್ತೆ. ಒಂದು ತಿಂಗಳಲ್ಲಿ ಅದು ಒಂದು ಕೆಜಿಗೆ ಇಳಿಯಬೇಕು. ಅಷ್ಟು ಕುಗ್ಗೋವಾಗ ಒಳಗಿರೋ ರಕ್ತ, ನೀರು, ಹಳೇ ಪದರ ಹೊರಗೆ ಬರಲೇಬೇಕು. ಮೊದಲ ಎರಡು ವಾರ ಕೆಂಪು ಕಂದು ಬಣ್ಣದ ಅಂಟು ಸೋರುತ್ತೆ, ಕೆಟ್ಟ ವಾಸನೆ ಇರಲ್ಲ. ಅದು ಸಹಜ. ಆ ಸಮಯದಲ್ಲಿ ಹೆಚ್ಚು ಕಡಿಮೆ ಎಲ್ಲ ಹಸುವಿನ ಗರ್ಭದಲ್ಲೂ ರೋಗಾಣು ಇರುತ್ತೆ. ರೋಗಾಣು ಇದ್ದ ಮಾತ್ರಕ್ಕೆ ರೋಗ ಅಲ್ಲ. ಗಟ್ಟಿಮುಟ್ಟಾದ ಹಸು ಅದನ್ನು ತಾನೇ ಹೊರಗೆ ಹಾಕುತ್ತೆ.

ಸಾಕುವಾಕೆ: ಹಾಕಲಾರದಿದ್ದರೆ?

ವೈದ್ಯೆ: ಆಗ ಮೂರು ದಾರಿ. ಮೊದಲನೆಯದು ಈಗ ಹೇಳಿದೆನಲ್ಲ, ಹತ್ತು ದಿನದೊಳಗೆ ನಾರುವ ನೀರು, ಜ್ವರ. ಎರಡನೆಯದು ಮೂರು ವಾರ ಕಳೆದ ಮೇಲೂ ಬಿಳಿ ಇಲ್ಲವೇ ಹಳದಿ ಕೀವು ಲೋಳೆಯ ಜೊತೆ ಬರೋದು. ಹಸುವಿಗೆ ಜ್ವರ ಇರಲ್ಲ, ಮೇವು ತಿನ್ನುತ್ತೆ, ಹಾಲು ಕೊಡುತ್ತೆ. ಅದಕ್ಕೇ ಯಾರೂ ಗಮನಿಸಲ್ಲ. ಬಾಲಕ್ಕೆ ಅಂಟಿದ ಬಿಳಿ ಕಲೆ, ಮಲಗಿ ಎದ್ದ ಜಾಗದಲ್ಲಿ ಬಿದ್ದ ಕೀವಿನ ಚೂರು, ಅಷ್ಟೇ ಗುರುತು. ಗೊಂತು ಗುಡಿಸೋರು ನೀವು, ಅದನ್ನು ಮೊದಲು ಕಾಣೋರೂ ನೀವೇ.

ಸಾಕುವಾಕೆ: ಮೂರನೆಯದು?

ವೈದ್ಯೆ: ಮೂರನೆಯದು ಮೋಸದ್ದು. ಹಸು ಬೆದೆಗೇ ಬರಲ್ಲ. ಸೆಮೆನ್ ಹಾಕಿಸಿದ್ದೀವಿ, ತಿರುಗಿ ಬಂದಿಲ್ಲ, ಗಬ್ಬವಾಗಿದೆ ಅಂತ ಮನೆಯವರು ಸಂತೋಷದಲ್ಲಿರ್ತಾರೆ. ಮೂರು ನಾಲ್ಕು ತಿಂಗಳಾದ ಮೇಲೆ ಕೈ ಹಾಕಿ ನೋಡಿದರೆ ಒಳಗೆ ಕರು ಇಲ್ಲ, ಗರ್ಭಕೋಶದ ತುಂಬ ಕೀವು. ಗಬ್ಬ ಕಾಪಾಡೋದಕ್ಕೆ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆಯುತ್ತೆ. ಕೀವು ತುಂಬಿದಾಗ ಆ ಗಂಟು ಕರಗದೆ ಉಳಿದುಬಿಡುತ್ತೆ, ಮುಂದಿನ ಬೆದೆಯನ್ನು ತಡೆದು ಹಿಡಿಯುತ್ತೆ.

ಸಾಕುವಾಕೆ: ಅದಕ್ಕೆ ಮದ್ದು ಇದೆಯಾ?

ವೈದ್ಯೆ: ಇದೆ, ಒಳ್ಳೇ ಮದ್ದೇ ಇದೆ. ಪ್ರೋಸ್ಟಾಗ್ಲಾಂಡಿನ್ ಅನ್ನೋ ಸೂಜಿ. ಅದು ಹಳದಿ ಗಂಟನ್ನು ಕರಗಿಸುತ್ತೆ, ಹಸು ಕೆಲವೇ ದಿನದಲ್ಲಿ ಬೆದೆಗೆ ಬರುತ್ತೆ, ಗರ್ಭದ ಬಾಯಿ ತೆರೆದು ಕೀವು ಹೊರಗೆ ಹೋಗುತ್ತೆ. ಬೆದೆಯ ಹೊತ್ತಲ್ಲಿ ಗರ್ಭಕೋಶಕ್ಕೆ ರೋಗ ಎದುರಿಸೋ ಶಕ್ತಿಯೂ ಹೆಚ್ಚು. ಆದರೆ ಇದೇ ಸೂಜಿಯನ್ನು ನಿಜವಾಗಿ ಗಬ್ಬವಾಗಿರೋ ಹಸುವಿಗೆ ಹಾಕಿದರೆ ಕಂದು ಹಾಕಿಬಿಡುತ್ತೆ. ಬೆದೆಗೆ ಬರಲಿಲ್ಲ ಅಂತ ಅಂಗಡಿಯಲ್ಲಿ ತಂದು ಚುಚ್ಚಿಸೋ ಮದ್ದಲ್ಲ ಇದು. ಮೊದಲು ಕೈ ಹಾಕಿ ನೋಡಬೇಕು, ಇಲ್ಲವೇ ಸ್ಕ್ಯಾನ್ ಮಾಡಬೇಕು. ಸೆಮೆನ್ ಹಾಕಿಸಿ 30 ದಿನಕ್ಕೇ ಸ್ಕ್ಯಾನಿನಲ್ಲಿ ಗಬ್ಬ ಕಾಣುತ್ತೆ, ಕೈಗೆ 45ರಿಂದ 60 ದಿನದೊಳಗೆ ಸಿಗುತ್ತೆ. ಇನ್ನೊಂದು ಮುಖ್ಯ ಮಾತು: ಬಸುರಿ ಹೆಂಗಸರು, ಆಸ್ತಮಾ ಇರೋರು ಈ ಔಷಧಿಯ ಬಾಟಲಿಯನ್ನೂ ಮುಟ್ಟಬಾರದು. ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತೆ.

ಸಾಕುವಾಕೆ: ನಮ್ಮ ಸೊಸೆ ಈಗ ಬಸುರಿ. ಹಸು ಕೆಲಸ ಅವಳೂ ಮಾಡ್ತಾಳೆ.

ವೈದ್ಯೆ: ಹಾಗಾದರೆ ಅವಳ ವಿಷಯ ಬೇರೆಯಾಗಿ ಮಾತಾಡಬೇಕು. ಮರೆಯಬೇಡಿ, ಆಮೇಲೆ ಬರ್ತೀನಿ ಅದಕ್ಕೆ.

ಸಾಕುವಾಕೆ: ಸರಿ. ಮೈಗೆ ಸೂಜಿ ಅಂದಿರಲ್ಲ, ಅದನ್ನು ಹಾಕಿಸಿದರೆ ಹಾಲು ಸೊಸೈಟಿಗೆ ಹಾಕಬೇಡಿ ಅಂತೀರಿ. ಹಾಲಿನ ದುಡ್ಡಲ್ಲೇ ಬೂಸಾ ತರೋದು, ಸಂಘದ ಸಾಲ ಕಟ್ಟೋದು. ಅಷ್ಟು ದಿನ ಹಾಲು ನಿಲ್ಲಿಸಿದರೆ ನಮ್ಮ ಗತಿ ಏನು?

ವೈದ್ಯೆ: ನಿಮ್ಮ ಕಷ್ಟ ನಿಜ. ಅದನ್ನು ಸಣ್ಣದು ಅಂತ ನಾನು ಅನ್ನಲ್ಲ. ಆದರೆ ಔಷಧಿ ಹಾಲಲ್ಲಿ ಇಳಿಯೋದೂ ಅಷ್ಟೇ ನಿಜ. ಅಂಥ ಹಾಲು ಬಿದ್ದರೆ ಕ್ಯಾನಿನ ಹಾಲೆಲ್ಲ ಕೆಡುತ್ತೆ, ಮೊಸರಿಗೆ ಹೆಪ್ಪು ಕೂಡ ಹಿಡಿಯಲ್ಲ. ಅದನ್ನು ಕುಡಿದ ಮಗುವಿನ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ರೋಗಾಣು ಬೆಳೆಯೋದಕ್ಕೆ ದಾರಿಯಾಗುತ್ತೆ. ಎಷ್ಟು ದಿನ ಹಾಲು ಬಿಡಬೇಕು ಅಂತ ಬಾಟಲಿ ಮೇಲೆ ಬರೆದಿರುತ್ತೆ. ಆ ಅವಧಿ ಖಚಿತವಾಗಿಲ್ಲದ ಔಷಧಿಗೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನ ಅಂತ ನಮ್ಮ ದೇಶದ ಔಷಧಿ ನಿಯಮವೇ ಹೇಳುತ್ತೆ. ಅದಕ್ಕೇ ಬೇಡದ ಕಡೆ ಚುಚ್ಚಬೇಡಿ ಅಂತ ನಾನು ಹಟ ಹಿಡಿಯೋದು. ಕಸ ಬೀಳದ ಹಸುವಿಗೆಲ್ಲ, ತಿರುಗಿ ಬಂದ ಹಸುವಿಗೆಲ್ಲ ಆಂಟಿಬಯಾಟಿಕ್ ಕೊಟ್ಟರೆ ಹಾಲೂ ಹೋಗುತ್ತೆ, ದುಡ್ಡೂ ಹೋಗುತ್ತೆ, ನಾಳೆ ನಿಜವಾಗಿ ಬೇಕಾದಾಗ ಔಷಧಿ ಕೆಲಸವನ್ನೂ ಮಾಡಲ್ಲ. ಯಾವ ಹಸುವಿಗೆ ಬೇಕು, ಯಾವುದಕ್ಕೆ ಬೇಡ ಅಂತ ವಿಂಗಡಿಸೋದೇ ನಮ್ಮ ವಿದ್ಯೆ. ಅದನ್ನು ಮಾಡದೆ ಸೂಜಿ ಹಿಡಿಯೋ ವೈದ್ಯರನ್ನು ನೀವು ಪ್ರಶ್ನೆ ಮಾಡಬೇಕು. ಎಷ್ಟು ದಿನ ಹಾಲು ಬಿಡಬೇಕು ಅಂತ ನಾವು ಹೇಳದೆ ಹೋದರೆ ಬ್ಯಾಗ್ ಹಿಡಿದು ನಿಲ್ಲಿಸಿ ಕೇಳಿ.

ಸಾಕುವಾಕೆ: ಈಯೋದಕ್ಕೆ ಮುಂಚೆಯೇ ಶುರುವಾಗುತ್ತೆ ಅಂದಿರಲ್ಲ. ಆಗ ಏನು ನೋಡಬೇಕು?

ವೈದ್ಯೆ: ಹಸುವಿನ ಗಬ್ಬ ಸುಮಾರು 280 ದಿನ. ಏಳು ತಿಂಗಳಿಗೆ ಹಾಲು ಬತ್ತಿಸಿ ಎರಡು ತಿಂಗಳು ಬಿಡುವು ಕೊಡಬೇಕು. ಒಂದು ಲೋಟ ಬಂದರೂ ಬರಲಿ ಅಂತ ಕೊನೇವರೆಗೂ ಕರೆದರೆ ಆ ನಷ್ಟ ಮುಂದಿನ ಸೂಲಿಗೆ ಬೀಳುತ್ತೆ. ಆ ಎರಡು ತಿಂಗಳಲ್ಲಿ ಹಸು ಮೂಳೆ ಕಾಣೋ ಹಾಗೂ ಇರಬಾರದು, ಬೆನ್ನ ಮೇಲೆ ಕೊಬ್ಬು ಕೂರೋ ಹಾಗೂ ಇರಬಾರದು. ಕೊಬ್ಬಿದ ಹಸು ಈದ ಮೇಲೆ ಮೇವು ಬಿಡುತ್ತೆ. ಮೇವು ಬಿಟ್ಟ ಹಸುವಿನ ರಕ್ತದ ಬಿಳಿಕಣಗಳಿಗೆ ಶಕ್ತಿ ಸಾಲದು. ಕಸ ಬಿಡಿಸೋದಕ್ಕೂ, ಗರ್ಭದ ರೋಗಾಣು ತಿನ್ನೋದಕ್ಕೂ ಆ ಬಿಳಿಕಣಗಳೇ ಬೇಕು.

ಸಾಕುವಾಕೆ: ನಾವು ಒಂಬತ್ತನೇ ತಿಂಗಳಿಂದ ದಿನಾ ಕ್ಯಾಲ್ಸಿಯಂ ಕುಡಿಸ್ತೀವಿ. ಹಾಲು ಜ್ವರ ಬರದಿರಲಿ ಅಂತ.

ವೈದ್ಯೆ: ಉದ್ದೇಶ ಒಳ್ಳೆಯದು, ಸಮಯ ಸರಿಯಿಲ್ಲ. ಈದ ದಿನ ಗಿಣ್ಣುಹಾಲಿಗೆ ಕ್ಯಾಲ್ಸಿಯಂ ಒಮ್ಮೆಗೇ ಹರಿಯುತ್ತೆ. ಆಗ ಹಸು ತನ್ನ ಮೂಳೆಯಿಂದ ಅದನ್ನು ತೆಗೆದುಕೊಳ್ಳೋದಕ್ಕೆ ತಯಾರಾಗಿರಬೇಕು. ಕೊನೇ ವಾರಗಳಲ್ಲಿ ಬಾಯಲ್ಲೇ ಬೇಕಾದಷ್ಟು ಕೊಟ್ಟರೆ ಆ ತಯಾರಿ ನಡೆಯೋದೇ ಇಲ್ಲ. ಈಯೋ ದಿನ, ಮಾರನೇ ದಿನ ಕುಡಿಸಿ, ಆಗ ಉಪಯೋಗ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹಸು ಬೀಳೋದು ಕಣ್ಣಿಗೆ ಕಾಣುತ್ತೆ. ಬೀಳದೆ ಇದ್ದರೂ ಗರ್ಭಕೋಶಕ್ಕೆ ಕುಗ್ಗೋ ಬಲ ಇರಲ್ಲ. ಹೆರಿಗೆ ನಿಧಾನವಾಗುತ್ತೆ, ಕಸ ನಿಲ್ಲುತ್ತೆ, ಹೊಲಸು ಒಳಗೇ ಉಳಿಯುತ್ತೆ.

ಸಾಕುವಾಕೆ: ಮಿನರಲ್ ಮಿಕ್ಸ್ಚರ್ ಕೊಡ್ತಾ ಇರಬಹುದಾ?

ವೈದ್ಯೆ: ಕೊಡಲೇಬೇಕು. ವರ್ಷವಿಡೀ ರಾಗಿಹುಲ್ಲು, ಭತ್ತದ ಹುಲ್ಲು, ಸೀಮೆಹುಲ್ಲು ತಿನ್ನೋ ಹಸುವಿಗೆ ತಾಮ್ರ, ಸತು, ಸೆಲೆನಿಯಂನಂಥವು ಮೇವಿನಿಂದಲೇ ಸಾಕಷ್ಟು ಸಿಗುತ್ತವೆ ಅಂತ ಹೇಳೋಕಾಗಲ್ಲ. ಸೆಲೆನಿಯಂ, ವಿಟಮಿನ್ ಇ ಕಡಿಮೆಯಾದರೆ ಕಸ ನಿಲ್ಲೋದು ಹೆಚ್ಚು. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆ ಇದೆ. ಯಾವ ಸೀಮೆಯ ಮಣ್ಣು, ಮೇವಿನಲ್ಲಿ ಯಾವುದು ಕಡಿಮೆ ಅಂತ ನೋಡಿ ಆಯಾ ಪ್ರದೇಶಕ್ಕೆ ಬೇರೆ ಬೇರೆ ಮಿಶ್ರಣ ಹೇಳಿದ್ದಾರೆ. ಕೊಂಡರೆ ಅಂಥದ್ದನ್ನು ಕೊಳ್ಳಿ. ಬತ್ತಿದ ಹಸು ಹಾಲು ಕೊಡಲ್ಲ ಅಂತ ಆ ಎರಡು ತಿಂಗಳು ನಿಲ್ಲಿಸಬೇಡಿ.

ಸಾಕುವಾಕೆ: ಈಗ ನಮ್ಮ ಕಪ್ಪು ಹಸುವಿನ ಮಾತಿಗೆ ಬನ್ನಿ. ಲೋಳೆ ಗಾಜಿನ ಹಾಗೆ ತಿಳಿಯಾಗಿ ಬರುತ್ತೆ. ಕೀವು ಏನೂ ಇಲ್ಲ. ಆದರೂ ಯಾಕೆ ನಿಲ್ಲಲ್ಲ?

ವೈದ್ಯೆ: ತಿಳಿ ಲೋಳೆ ಒಳ್ಳೇ ಗುರುತು. ಆದರೂ ಕಣ್ಣಿಗೆ ಕಾಣದ ಸಣ್ಣ ಉರಿಯೂತ ಇರಬಹುದು. ಮುಂದಿನ ಬೆದೆಯ ದಿನ ಆ ಲೋಳೆಯನ್ನು ಸ್ವಲ್ಪ ತೆಗೆದು, ಕಾಸ್ಟಿಕ್ ಸೋಡಾದ ದ್ರಾವಣ ಸೇರಿಸಿ ಕಾಯಿಸಿ ನೋಡ್ತೀನಿ. ಬಣ್ಣ ತಿರುಗದಿದ್ದರೆ ಗರ್ಭ ಶುದ್ಧ, ಹಳದಿಗೆ ತಿರುಗಿದರೆ ಒಳಗೆ ಬಿಳಿಕಣ ತುಂಬಿದೆ ಅಂತ. ಹಳ್ಳಿ ಆಸ್ಪತ್ರೆಯಲ್ಲೇ ಮಾಡಬಹುದಾದ ಪರೀಕ್ಷೆ. ಹಳದಿ ಬಂದರೆ ಆ ಬೆದೆಗೆ ಸೆಮೆನ್ ಹಾಕಿಸೋದು ಬೇಡ, ಚಿಕಿತ್ಸೆ ಮಾಡಿ ಮುಂದಿನದಕ್ಕೆ ಕಾಯೋಣ. ಹಳದಿ ಬರದಿದ್ದರೆ ಗರ್ಭ ತೊಳೆಯೋ ಅಗತ್ಯವೇ ಇಲ್ಲ. ಶುದ್ಧವಾಗಿರೋ ಗರ್ಭಕ್ಕೆ ಅಯೋಡಿನ್ ಸುರಿದರೆ ಮೆತ್ತಗಿರೋ ಪದರ ಸುಡೋದಷ್ಟೇ ಲಾಭ.

ಸಾಕುವಾಕೆ: ಗರ್ಭ ಸರಿ ಇದ್ದರೆ ಇನ್ನೇನು ತಪ್ಪಿರುತ್ತೆ?

ವೈದ್ಯೆ: ಹೊತ್ತು ತಪ್ಪಿರುತ್ತೆ. ನೀವು ಬೆದೆ ನೋಡೋದು ಯಾವಾಗ?

ಸಾಕುವಾಕೆ: ಬೆಳಗ್ಗೆ ಹಾಲು ಕರೆಯೋವಾಗ ಕೂಗಿದರೆ ತಕ್ಷಣ ಫೋನ್ ಮಾಡ್ತೀನಿ. ಒಂಬತ್ತು ಗಂಟೆಯೊಳಗೆ ಬಂದು ಹಾಕಿ ಹೋಗ್ತಾರೆ.

ವೈದ್ಯೆ: ಅಲ್ಲಿದೆ ನೋಡಿ ಒಂದು ಕಾರಣ. ಬೆದೆ ಇರೋದು 12ರಿಂದ 18 ಗಂಟೆ. ಮೊಟ್ಟೆ ಬಿಡುಗಡೆಯಾಗೋದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆ ಆದ ಮೇಲೆ. ಬೆಳಗ್ಗೆ ಬೆದೆ ಶುರುವಾದರೆ ಸಂಜೆ ಹಾಕಿಸಬೇಕು, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಬೇಗ ಹಾಕಿಸಿದರೆ ಮೊಟ್ಟೆ ಬರೋ ಹೊತ್ತಿಗೆ ವೀರ್ಯಾಣುವಿನ ಆಯಸ್ಸು ಮುಗಿದಿರುತ್ತೆ. ಸಾರಜನಕದ ಕ್ಯಾನಿನಲ್ಲಿ ಮೈನಸ್ 196 ಡಿಗ್ರಿಯಲ್ಲಿದ್ದು ಬಂದ ವೀರ್ಯಾಣು ಅದು, ಹೋರಿಯ ತಾಜಾ ವೀರ್ಯದಷ್ಟು ಹೊತ್ತು ಬದುಕಲ್ಲ. ಅದನ್ನು ಕರಗಿಸೋದಕ್ಕೂ ಕ್ರಮ ಇದೆ. 37 ಡಿಗ್ರಿ ಬೆಚ್ಚನೆ ನೀರಲ್ಲಿ ಅರ್ಧ ನಿಮಿಷ. ಜೇಬಲ್ಲಿಟ್ಟು, ಅಂಗೈಲಿ ಉಜ್ಜಿ ಕರಗಿಸಿದರೆ ಎಷ್ಟೋ ಅಲ್ಲೇ ಸಾಯಬಹುದು. ಬಂದವರನ್ನು ನೀರು ಬಿಸಿ ಇದೆ, ಥರ್ಮಾಮೀಟರ್ ಇದೆ, ಇದರಲ್ಲೇ ಕರಗಿಸಿ ಅಂತ ಕೇಳಿ.

ಸಾಕುವಾಕೆ: ರಾತ್ರಿ ಬೆದೆ ಬಂದಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ಕಟ್ಟಿ ಹಾಕಿದ ಹಸು ಇನ್ನೊಂದರ ಮೇಲೆ ಹತ್ತೋಕೂ ಆಗಲ್ಲ.

ವೈದ್ಯೆ: ಸರಿಯಾದ ಪ್ರಶ್ನೆ. ನಮ್ಮ ಎಚ್‌ಎಫ್ ಹಸುಗಳಲ್ಲಿ ಬೆದೆಯ ಜೋರು ರಾತ್ರಿ, ನಸುಕಿನಲ್ಲೇ ಜಾಸ್ತಿ. ಮಲಗೋ ಮುಂಚೆ ಒಂದು ಸಲ, ನಸುಕಿನಲ್ಲಿ ಒಂದು ಸಲ ಹತ್ತು ನಿಮಿಷ ನಿಂತು ನೋಡಿ. ಉಳಿದವೆಲ್ಲ ಮಲಗಿ ಮೆಲುಕು ಹಾಕುವಾಗ ಒಂದು ಎದ್ದು ನಿಂತಿರುತ್ತೆ, ಆಗಾಗ ಗಂಜಲ ಹೊಯ್ಯುತ್ತೆ, ಹಾಲು ಇಳಿಸಲ್ಲ, ಬಾಲದ ಬುಡ ತೇವ. ಸಾಧ್ಯವಾದರೆ ದಿನಕ್ಕೆ ಸ್ವಲ್ಪ ಹೊತ್ತು ಕಣ್ಣಿ ಬಿಚ್ಚಿ ಬಿಡಿ. ಬೆದೆಯ ಹಸುವಿನ ಮೇಲೆ ಇನ್ನೊಂದು ಹತ್ತಿದಾಗ ಅದು ಕದಲದೆ ನಿಂತರೆ ಅದಕ್ಕಿಂತ ಖಚಿತ ಗುರುತು ಬೇರೆ ಇಲ್ಲ.

ಸಾಕುವಾಕೆ: ಸೆಮೆನ್ ಹಾಕಿಸಿದ ಎರಡನೇ ದಿನ ರಕ್ತ ಕಂಡಿತು. ಹೋಯ್ತು, ಈ ಸಲವೂ ಕೆಟ್ಟಿತು ಅಂದುಕೊಂಡೆ.

ವೈದ್ಯೆ: ಆ ರಕ್ತಕ್ಕೂ ಗಬ್ಬ ಕಟ್ಟೋದಕ್ಕೂ ಸಂಬಂಧ ಇಲ್ಲ. ಬೆದೆ ಮುಗಿದ ಮೇಲೆ ಹಾರ್ಮೋನು ಇಳಿದಾಗ ಗರ್ಭದ ಪದರದಿಂದ ಸ್ವಲ್ಪ ರಕ್ತ ಜಿನುಗುತ್ತೆ. ಗಬ್ಬವಾದ ಹಸುವಿನಲ್ಲೂ ಬರುತ್ತೆ, ಆಗದ್ದರಲ್ಲೂ ಬರುತ್ತೆ. ಅದರಿಂದ ಒಂದು ಉಪಕಾರ ಇದೆ. ನೀವು ನೋಡದೆ ಒಂದು ಬೆದೆ ದಾಟಿಹೋಗಿದ್ದರೆ ಆ ರಕ್ತ ಅದನ್ನು ಹೇಳುತ್ತೆ. ತಾರೀಕು ಬರೆದಿಟ್ಟುಕೊಂಡರೆ ಇನ್ನು 18, 20 ದಿನಕ್ಕೆ ಮುಂದಿನ ಬೆದೆ ಕಾಯಬಹುದು. ತಪ್ಪಿದ ಒಂದು ಬೆದೆ ಅಂದರೆ 21 ದಿನದ ಮೇವು, ಅದಕ್ಕಾದರೂ ಬರೆಯಬೇಕು. ಕಪ್ಪು ಹಸುವಿನ ವಿಷಯದಲ್ಲಿ ಇನ್ನೆರಡು ಕಾರಣ ನೋಡ್ತೀನಿ. ಮೊಟ್ಟೆ ತಡವಾಗಿ ಬಿಡುವ ಹಸುವಾದರೆ ಸೆಮೆನ್ ಹಾಕುವ ದಿನವೇ ಒಂದು ಹಾರ್ಮೋನು ಸೂಜಿ ಸಹಾಯ ಮಾಡುತ್ತೆ. ಬೇಸಿಗೆಯಲ್ಲಿ ಹಾಕಿಸಿದ್ದಾದರೆ ಗಬ್ಬ ಕಟ್ಟಿಯೂ ಮೊದಲ ವಾರದಲ್ಲೇ ಭ್ರೂಣ ಸತ್ತಿರಬಹುದು. ತಗಡಿನ ಸೂರಿನಡಿ ಮಧ್ಯಾಹ್ನ ಏದುಸಿರು ಬಿಡುತ್ತಾ ನಿಂತ ಹಸುವಿಗೆ ಯಾವ ಸೂಜಿಯೂ ಗಬ್ಬ ನಿಲ್ಲಿಸಲಾರದು. ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ. ಹಗಲು ರಾತ್ರಿ ಮುಂದೆ ನೀರಿರಲಿ.

ಸಾಕುವಾಕೆ: ಈಗ ಸೊಸೆಯ ಮಾತು ಹೇಳಿ.

ವೈದ್ಯೆ: ನಿಮ್ಮ ಕೇರಿಯಲ್ಲಿ ಈಚೆಗೆ ಯಾವ ಹಸುವಾದರೂ ಐದು ತಿಂಗಳ ಮೇಲೆ ಕಂದು ಹಾಕಿದೆಯಾ?

ಸಾಕುವಾಕೆ: ಸಂತೆಯಿಂದ ತಂದ ಹಸು ಒಂದು ಏಳು ತಿಂಗಳಿಗೆ ಹಾಕಿತು. ಅದರ ಕಸವೂ ಬೀಳಲಿಲ್ಲ. ಎಲ್ಲರೂ ಸೇರಿ ಬರಿಗೈಯಲ್ಲೇ ಬಾಚಿ ತಿಪ್ಪೆಗೆ ಹಾಕಿದರು, ನಾಯಿ ಎಳೆದಾಡಿತು.

ವೈದ್ಯೆ: ಕಂದು ರೋಗ ಅಂತೀವಲ್ಲ, ಬ್ರುಸೆಲ್ಲಾ ರೋಗಾಣುವಿನದು, ಅದು ಹೀಗೇ ಹರಡೋದು. ಕಂದು, ಕಸ, ಅದರ ನೀರು, ಎಲ್ಲದರಲ್ಲೂ ಕೋಟಿ ಕೋಟಿ ರೋಗಾಣು. ಕೈಯ ಗೀರು, ಕಣ್ಣು, ಬಾಯಿ, ಉಸಿರು, ಯಾವ ದಾರಿಯಲ್ಲಾದರೂ ಮನುಷ್ಯರಿಗೆ ಬರುತ್ತೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಸೊಂಟ ನೋವು. ಬಸುರಿಗೆ ಗರ್ಭಪಾತವೂ ಆಗಬಹುದು. ಮನುಷ್ಯರಿಗೆ ಲಸಿಕೆ ಇಲ್ಲ. ಬಂದರೆ ವಾರಗಟ್ಟಲೆ ಎರಡು ಔಷಧಿ ನುಂಗಬೇಕು. ನಿಮ್ಮ ಸೊಸೆ ಈಯೋ ಹಸುವಿನ ಹತ್ತಿರ, ಕಂದು ಹಾಕಿದ ಹಸುವಿನ ಹತ್ತಿರ ಹೋಗೋದೇ ಬೇಡ. ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದೆ ಹೋದರೆ ಡಾಕ್ಟರಿಗೆ ನಾವು ಹಸು ಸಾಕ್ತೀವಿ ಅಂತ ಮೊದಲು ಹೇಳಿ. ಅದನ್ನು ಹೇಳದೆ ಎಷ್ಟೋ ಜನ ತಿಂಗಳುಗಟ್ಟಲೆ ತಪ್ಪು ಔಷಧಿ ತಿಂದಿದ್ದಾರೆ. ಹಾಲನ್ನು ಕುದಿಸದೆ ಯಾರೂ ಕುಡಿಯಬಾರದು.

ಸಾಕುವಾಕೆ: ಹಸುವಿಗೆ ಲಸಿಕೆ ಇದೆಯಾ?

ವೈದ್ಯೆ: ಇದೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಸಲ. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದನ್ನೂ ಪುಕ್ಕಟೆ ಹಾಕ್ತಾರೆ. ಕಿವಿಗೆ 12 ಅಂಕಿಯ ಓಲೆ ಹಾಕಿ ಬರೆದುಕೊಳ್ತಾರೆ. ಎಂಟು ತಿಂಗಳು ದಾಟಿದರೆ ಸಮಯ ಮೀರಿತು, ಗಬ್ಬದ ಹಸುವಿಗಂತೂ ಹಾಕಲೇಬಾರದು. ಹಸು ಕೊಳ್ಳೋ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಂದು ಹಾಕಿದರೆ ಕೈಗವಸು ಹಾಕಿಕೊಂಡು, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಆ ಹಸುವನ್ನು ಸೋರೋದು ನಿಲ್ಲೋವರೆಗೆ ಬೇರೆ ಕಟ್ಟಿ, ನಮಗೆ ತಿಳಿಸಿ. ಬಚ್ಚಿಟ್ಟು ಸಂತೆಗೆ ಹೊಡೆದರೆ ಇನ್ನೊಂದು ಕೇರಿಗೆ ರೋಗ ಕೊಟ್ಟ ಹಾಗೆ.

ಸಾಕುವಾಕೆ: ಇಷ್ಟೆಲ್ಲ ನೋಡಬೇಕು ಅಂದರೆ ಒಬ್ಬಳ ಕೈಲಾಗುತ್ತಾ ಡಾಕ್ಟ್ರಮ್ಮ? ಮೇವು ಕೊಯ್ಯೋದು, ಹಾಲು ಕರೆಯೋದು, ಮನೆ, ಹೊಲ. ರಾತ್ರಿ ಹಸು ಈದರೆ ನಿಮ್ಮ ಕಡೆಯಿಂದ ಯಾರು ಬರ್ತಾರೆ?

ವೈದ್ಯೆ: 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತೆ. ದೂರ, ಹೊತ್ತು ನೋಡಿಕೊಂಡು ತಡವಾಗಬಹುದು, ರಾತ್ರಿಯೇ ಬರುತ್ತೆ ಅನ್ನೋ ಭರವಸೆಯೂ ಇಲ್ಲ, ಅದನ್ನು ನಾನು ಒಪ್ಪುತ್ತೇನೆ. ಆಗ ನಿಮ್ಮ ಫೋನಿನ ಮಾತೇ ಅರ್ಧ ಚಿಕಿತ್ಸೆ. ಹಸುವಿಗೆ ಹುಷಾರಿಲ್ಲ ಅಂದರೆ ನನಗೆ ಏನೂ ತಿಳಿಯಲ್ಲ. ಈದು ಐದು ದಿನ, ಕಸ ಎರಡನೇ ದಿನ ಬಿತ್ತು, ಈಗ 104 ಜ್ವರ, ನಾರುತ್ತಿದೆ ಅಂದರೆ ಹೊರಡೋ ಮೊದಲೇ ಏನು ತರಬೇಕು, ಯಾರ ಮನೆಗೆ ಮೊದಲು ಹೋಗಬೇಕು ಅಂತ ಗೊತ್ತಾಗುತ್ತೆ.

ಸಾಕುವಾಕೆ: ಸೊಸೈಟಿ ಪುಸ್ತಕದಲ್ಲಿ ಲೀಟರ್ ಬರೀತಾರೆ, ಫ್ಯಾಟ್ ಬರೀತಾರೆ. ಈದ ತಾರೀಕು, ಕಸ ಬಿದ್ದ ಹೊತ್ತು, ಬೆದೆಯ ದಿನ ಬರೆಯೋ ಜಾಗ ಒಂದೂ ಇಲ್ಲ. ಮುಂದಿನ ಸಭೆಯಲ್ಲಿ ನಾನು ಅದನ್ನು ಕೇಳ್ತೀನಿ. ಒಂದು ಥರ್ಮಾಮೀಟರ್, ಒಂದು ಕಟ್ಟು ಕೈಗವಸು ಸೊಸೈಟಿಯಲ್ಲೇ ಇರಲಿ ಅಂತಲೂ ಕೇಳ್ತೀನಿ. ಕಪ್ಪು ಹಸುವನ್ನು ಬರಡು ಅಂತ ಮಾರೋ ಯೋಚನೆ ಮನೆಯಲ್ಲಿತ್ತು. ಮುಂದಿನ ಬೆದೆಗೆ ನೀವು ಲೋಳೆ ಪರೀಕ್ಷೆ ಮಾಡೋವರೆಗೆ ಮಾರಲ್ಲ.

ವೈದ್ಯೆ: ಕೇಳಿ ಅಕ್ಕ, ನಾನೂ ಆ ಸಭೆಗೆ ಬರ್ತೀನಿ. ಬರಡು ಅನ್ನೋ ಹೆಸರು ಹೊತ್ತು ಹಟ್ಟಿಯಿಂದ ಹೋಗೋ ಹಸುಗಳಲ್ಲಿ ಹುಟ್ಟು ಬರಡು ತೀರಾ ಅಪರೂಪ. ಈದ ವಾರಗಳಲ್ಲಿ ಯಾರೂ ಗಮನಿಸದೆ ಗರ್ಭ ಕೆಟ್ಟವು, ಹೊಟ್ಟೆಗೆ ಸಾಲದೆ ಬೆದೆ ನಿಂತವು, ಹೊತ್ತಲ್ಲದ ಹೊತ್ತಿಗೆ ಸೆಮೆನ್ ಹಾಕಿಸಿಕೊಂಡವು ಎಷ್ಟೋ ಇವೆ. ಅವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಅದಕ್ಕೆ ಈದ ದಿನದಿಂದ ನೀವು ಬರೆದಿಡಬೇಕು, ಸೂಜಿ ಹಿಡಿಯೋ ಮೊದಲು ನಾವು ಪರೀಕ್ಷೆ ಮಾಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಸುವಿಗೆ ನ್ಯಾಯ ಸಿಗಲ್ಲ.